ಕೈಗೆ ಕೊಡದ ಕತ್ತರಿ

ಬೇಸಿಗೆ ಮುಗಿಯುತ್ತ ಬಂದಿತ್ತು, ಶಾಲೆಗಳು ಇನ್ನೇನು ಬಾಗಿಲು ತೆರೆಯಬೇಕು. ಊಟದ ಹೊತ್ತು ದಾಟಿ ಬೀದಿ ತೂಕಡಿಸುವ ಒಂದು ಮಧ್ಯಾಹ್ನ ಇದು ಶುರುವಾಯಿತು. ಹೊಲಿಗೆಯವರಿಗೆ ವರ್ಷದಲ್ಲಿ ಅದೊಂದು ಕಾಲ ಬೆನ್ನು ನೆಟ್ಟಗೆ ಮಾಡಲೂ ಬಿಡುವಿರುವುದಿಲ್ಲ. ಊರಿನ ಮಕ್ಕಳೆಲ್ಲ ಒಟ್ಟಿಗೆ ಬೆಳೆದುಬಿಟ್ಟಿರುತ್ತಾರೆ, ಎಲ್ಲರ ಅಂಗಿಯೂ ಅದೇ ವಾರ ಬೇಕು.

ಅಂಗಡಿ ಅಪ್ಪನ ಕಾಲದ್ದು. ಮುಂದೆ ಬಟ್ಟೆ ಹರಡಿ ಕೊಯ್ಯುವ ಹಲಗೆ, ಎರಡು ಮಿಷನ್ನು. ಹಿಂದೆ ಒಂದು ಕೋಣೆ, ಅದೇ ಮನೆ. ಬಟ್ಟೆ ಕತ್ತರಿಸುವವನು ತಮ್ಮ. ಬೀದಿಯವರು ಅವನನ್ನು ಮಾಸ್ಟರ್ ಅನ್ನುತ್ತಿದ್ದರು. ಕಾಜಾ ಹಾಕುವುದು, ಗುಂಡಿ ಇಡುವುದು, ಅಂಚು ಮಡಚುವುದು ಅಕ್ಕನ ಕೆಲಸ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ಅವಳು. ಬಂದವಳೇ ಸೂಜಿ ಹಿಡಿದು ಕೂತಳು, ಆಮೇಲೆ ಏಳಲಿಲ್ಲ.

ತಮ್ಮನಿಗೆ ಒಂದು ಕಾಯಿಲೆ ಇತ್ತು. ಹರೆಯದಲ್ಲಿ ಒಮ್ಮೆ ಬಂದಿತ್ತು. ಆಗ ಅಪ್ಪ ಇದ್ದ. ಮಗನ ಹೆಗಲ ಮೇಲೆ ಕೈ ಹಾಕಿಕೊಂಡು, ಬಾಡಿಗೆ ಗಾಡಿಯಲ್ಲಿ ಆಸ್ಪತ್ರೆಗೆ ಹೋಗಿ ಸೇರಿಸಿ ಬಂದಿದ್ದ. ಅಲ್ಲಿಂದ ಮುಂದೆ ಮಾತ್ರೆ ನಡೆದಿತ್ತು, ಬದುಕೂ ನಡೆದಿತ್ತು. ಆದರೆ ಮಾತ್ರೆ ತಿಂದರೆ ಬೆರಳು ನಡುಗುತ್ತಿತ್ತು. ಬಟ್ಟೆಯ ಮೇಲೆ ಹಾಕುವ ಚಾಕ್‌ಪೀಸಿನ ಗೆರೆ ಹುಳ ಹರಿದ ಹಾಗೆ ಡೊಂಕಾಗುತ್ತಿತ್ತು. ಬೇರೆ ದಿನವಾದರೆ ಹೇಗೋ ಸುಧಾರಿಸುತ್ತಿದ್ದ. ಈ ಶಾಲೆ ಅಂಗಿಗಳ ರಾಶಿ ಬಂದಾಗ, ಅಕ್ಕನಿಗೆ ಹೇಳದೆ, ಮಾತ್ರೆ ನಿಲ್ಲಿಸಿಬಿಟ್ಟ. ಮೊದಲ ವಾರ ಗೆರೆ ದಾರ ಎಳೆದ ಹಾಗೆ ಬಂತು. ಅಕ್ಕನಿಗೂ ಖುಷಿಯಾಯಿತು. ಆಮೇಲೆ ಅವನ ನಿದ್ದೆ ಹೋಯಿತು.

ನಿದ್ದೆ ಹೋದ ಮೇಲೆ ಮಾತು ಹೆಚ್ಚಿತು. ಆಮೇಲೆ ಮಾತೂ ನಿಂತು, ಹೊಲಿದು ಮುಗಿಸಿದ ಅಂಗಿಗಳನ್ನು ಒಂದೊಂದಾಗಿ ತೆಗೆದು ಕಾಲರ್ ಕತ್ತರಿಸತೊಡಗಿದ.

"ಏನೋ ಮಾಡ್ತಿದೀಯ! ನಾಳೆ ಬರ್ತಾರಲ್ಲೋ ತಗೊಂಡು ಹೋಗೋಕೆ!" ಎಂದಳು ಅಕ್ಕ.

"ಕತ್ತು ಬಿಗೀತವೆ ಅಕ್ಕ. ಹಾಕ್ಕೊಂಡ ಮೇಲೆ ಬಿಗೀತವೆ. ಮಕ್ಕಳಿಗೆ ಉಸಿರು ಸಿಗಲ್ಲ. ನಾನೇ ಕೊಯ್ದಿರೋ ಕಾಲರ್ ಇವು, ನಂಗೆ ಗೊತ್ತಾಗಲ್ವಾ?"

ಅಕ್ಕ ಮೆಲ್ಲಗೆ ಅಂಗಿಗಳ ರಾಶಿಯನ್ನು ಹಿಂದಿನ ಕೋಣೆಗೆ ಸಾಗಿಸಿದಳು. ಅಷ್ಟಕ್ಕೇ ಮುಗಿದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆ ಮಧ್ಯಾಹ್ನ ಬ್ಯಾಂಕಿನ ಗುಮಾಸ್ತನೊಬ್ಬ ಪ್ಯಾಂಟು ಕೇಳಲು ಬಂದ. ಮೈಮೇಲೆ ಹಾಕಿದ್ದ ಅಂಗಿ ಇದೇ ಅಂಗಡಿಯಲ್ಲಿ ಹೊಲಿದದ್ದು. ತಮ್ಮ ಅವನನ್ನೇ ನೋಡಿದ, ಹಲಗೆ ಸುತ್ತಿ ಬಂದು ಒಂದು ಕೈಯಲ್ಲಿ ಅವನ ಕಾಲರ್ ಹಿಡಿದ. ಇನ್ನೊಂದು ಕೈಯಲ್ಲಿ ಕತ್ತರಿ.

"ತಾಳಿ ಸಾರ್, ಒಂದೇ ನಿಮಿಷ. ಬಿಡಿಸಿಬಿಡ್ತೀನಿ."

ಗುಮಾಸ್ತ ಕೂಗಿಕೊಂಡ ಕೂಗಿಗೆ ಬೀದಿಯ ನಿದ್ದೆ ಹಾರಿಹೋಯಿತು. ಕಾಲರ್‌ನ ತುಂಡು ತಮ್ಮನ ಕೈಯಲ್ಲಿ ಉಳಿಯಿತು, ಗುಮಾಸ್ತ ಚಪ್ಪಲಿ ಬಿಟ್ಟು ಓಡಿದ. ಚರ್ಮಕ್ಕೆ ಒಂದು ಗೀರೂ ಆಗಿರಲಿಲ್ಲ. ಆದರೂ ಅಕ್ಕ ಬೀದಿಯ ಕಡೆ ನೋಡಿದಳು. ಮುಂದೆ ಬರುವುದು ಯಾರದೋ ಮಗು ಆಗಿದ್ದರೆ?

ಅವಳು ಆಸ್ಪತ್ರೆಗೆ ಫೋನ್ ಮಾಡಿದಳು. "ಗಲಾಟೆ ಮಾಡೋರನ್ನ ನಮ್ಮ ಗಾಡಿಯವರು ಹತ್ತಿಸ್ಕೊಳ್ಳಲ್ಲಮ್ಮ. ಪೊಲೀಸರಿಗೆ ಹೇಳಿ, ಅವರೇ ಕರ್ಕೊಂಡು ಬರ್ತಾರೆ" ಎಂದು ಅಲ್ಲಿಂದ ಉತ್ತರ ಬಂತು. ಪಕ್ಕದ ಗಡಿಯಾರದ ಮಾಮನನ್ನು ಕೇಳೋಣವೆಂದರೆ ಅವನ ಅಂಗಡಿ ಮುಚ್ಚಿತ್ತು. ಊರಿಗೆಲ್ಲ ಹೊತ್ತು ಸರಿಮಾಡಿಕೊಡುವ ಆ ಮಾಮ ತಾನು ಮಾತ್ರ ಬೇಕಾದ ಹೊತ್ತಿಗೆ ಯಾವತ್ತೂ ಸಿಕ್ಕವನಲ್ಲ. ಅಕ್ಕ ಪೊಲೀಸರಿಗೆ ಫೋನ್ ಮಾಡಿದಳು.

"ನನ್ನ ತಮ್ಮನಿಗೆ ಹುಷಾರಿಲ್ಲ ಸಾರ್. ಮನಸ್ಸು ಕೆಟ್ಟಿದೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು."

"ಕೈಯಲ್ಲಿ ಏನಾದ್ರೂ ಇದೆಯಾ?"

"ಕತ್ತರಿ ಇದೆ."

"ಚಿಕ್ಕದಾ?"

"ಅಯ್ಯೋ, ಚಿಕ್ಕದಲ್ಲ. ಹನ್ನೆರಡಿಂಚಿಂದು."

"ಹರಿತ ಇದೆಯಾ?"

"ಮೊನ್ನೆ ತಾನೇ ಸಾಣೆ ಹಿಡಿಸಿದೀವಿ ಸಾರ್. ನಾಲ್ಕು ಮಡಿಕೆ ಬಟ್ಟೆ ಒಂದೇ ಸಲಕ್ಕೆ ಹೋಗುತ್ತೆ."

ಆ ಕಡೆಯವನು ಅಂಗಡಿಯ ವಿಳಾಸ ಕೇಳಿ ಬರೆದುಕೊಂಡ. ಗಿರಾಕಿಗೆ ಉತ್ತರ ಕೊಟ್ಟ ಹಾಗೆ ಕೊಟ್ಟಿದ್ದಳು ಅವಳು. ಕತ್ತರಿಯೆಂದರೆ ಅವಳ ಮಟ್ಟಿಗೆ ಅನ್ನ. ಅದು ದೊಡ್ಡದಿರಬೇಕು, ಹರಿತ ಇರಬೇಕು. ಇಷ್ಟು ವರ್ಷ ಅದೇ ಕತ್ತರಿಯ ಪಕ್ಕದಲ್ಲಿ ಉಂಡು ಮಲಗಿದವಳಿಗೆ, ಅದು ಇನ್ನೊಬ್ಬರ ಕಿವಿಗೆ ಹೇಗೆ ಬೀಳುತ್ತದೆ ಅನ್ನುವುದು ಹೊಳೆಯಲೇ ಇಲ್ಲ. ಅವನು ಒಂದು ಇರುವೆಗೂ ನೋವು ಮಾಡಿದವನಲ್ಲ ಅನ್ನುವುದನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ವ್ಯಾನು ಬಂತು. ಇಳಿದವರ ಕೈಯಲ್ಲಿ ಲಾಠಿ, ಒಬ್ಬನ ಕೈಯಲ್ಲಿ ಗಾಜಿನಂಥ ಗುರಾಣಿ. ಮುಂದೆ ಬಂದವನು ಗಿಡ್ಡ ಆಳು. ಅಂಗಡಿಯೊಳಗೆ ಬಂದು, ತಮ್ಮನಿಗೂ ಹಲಗೆಗೂ ನಡುವೆ ನಿಂತು, ಅಂಗೈ ಚಾಚಿದ.

"ಕೊಡಪ್ಪ ಅದನ್ನ. ಕೊಡು ಇಲ್ಲಿ."

ತಮ್ಮ ಕೊಡಲಿಲ್ಲ. ಕೊಡುವ ಹಾಗಿರಲಿಲ್ಲ. ಆ ಅಂಗಡಿಯಲ್ಲಿ ಕತ್ತರಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಹಲಗೆಯ ಮೇಲಿಡಬೇಕು, ಬೇಕಾದವರು ಅಲ್ಲಿಂದ ಎತ್ತಿಕೊಳ್ಳಬೇಕು. ಅಪ್ಪ ಮಕ್ಕಳ ಕೈಗೆ ಕತ್ತರಿ ಮುಟ್ಟಿಸುವ ಮೊದಲೇ ಕಲಿಸಿದ್ದು ಅದು. ನೆಲದ ಮೇಲಂತೂ ಇಡುವ ಮಾತೇ ಇಲ್ಲ, ಅಲಗು ಕೆಡುತ್ತದೆ. ತಮ್ಮನ ತಲೆಯಲ್ಲಿ ಆ ಹೊತ್ತಿಗೆ ಏನೇನು ಕಲಸಿಹೋಗಿತ್ತೋ, ಇದೊಂದು ಮಾತ್ರ ಕಲಸಿರಲಿಲ್ಲ. ಅವನು ಗಿಡ್ಡನ ಭುಜದಾಚೆ ಹಲಗೆಯನ್ನು ನೋಡಿದ. ನೋಡಿ, ಅದರ ಕಡೆಗೆ ಒಂದು ಹೆಜ್ಜೆ ಇಟ್ಟ.

"ಹಲಗೆ ಬಿಡಿ! ಹಲಗೆ ಬಿಟ್ಟು ನಿಲ್ಲಿ ಸಾರ್, ಇಡ್ತಾನೆ!" ಎಂದು ಅಕ್ಕ ಕೂಗಿದಳು. ಕೂಗು ಲಾಠಿಗಿಂತ ಹಿಂದೆ ಬಿತ್ತು. ಏಟು ಮಣಿಕಟ್ಟಿಗೆ ತಾಗಿತು. ಕತ್ತರಿ ಹಾರಿತು, ಅದನ್ನು ಹಿಡಿಯಲು ಹೋದ ಗಿಡ್ಡನ ಅಂಗೈಯನ್ನು ಸೀಳಿಕೊಂಡು ಕೆಳಗೆ ಬಿತ್ತು. ಆಮೇಲೆ ಎಲ್ಲರೂ ಸೇರಿ ತಮ್ಮನ ಮೇಲೆ ಬಿದ್ದರು. ಅವನ ಬಾಯಿಂದ ಬಂದದ್ದು ಒಂದೇ ಮಾತು: "ಕೆಳಗೆ ಬಿತ್ತು, ಕೆಳಗೆ ಬಿತ್ತು."

*

ಅಕ್ಕ ಹಿಂದೆಯೇ ಠಾಣೆಗೆ ಹೋದಳು. ಆಸ್ಪತ್ರೆಗೆ ಹೋಗಬೇಕಾದ ವ್ಯಾನು ಠಾಣೆಗೆ ಯಾಕೆ ತಿರುಗಿತು ಅನ್ನುವುದು ದೊಡ್ಡ ಸಾಹೇಬರು ಹೇಳುವ ತನಕ ಅವಳಿಗೆ ಅರ್ಥವಾಗಲಿಲ್ಲ.

"ನೋಡಮ್ಮ, ನಮ್ಮ ಹುಡುಗನ ಕೈ ಕುಯ್ದುಹೋಗಿದೆ. ಕೇಸು ಬರೀಬೇಕು. ನಾಳೆ ಕೋರ್ಟು, ಆಮೇಲೆ ಜೈಲು. ನನ್ನ ಕೈಲಿ ಏನಿದೆ?"

"ಅವನು ಕುಯ್ದಿದ್ದಲ್ಲ ಸಾರ್. ನೀವು ಹೊಡೆದಾಗ ಹಾರಿದ್ದು."

"ಕೊಡು ಅಂದಾಗ ಕೊಟ್ಟಿದ್ರೆ ಯಾಕೆ ಹೊಡೀತಿದ್ರು?"

"ನಾವು ಕೈಗೆ ಕೊಡಲ್ಲ ಸಾರ್."

"ಪೊಲೀಸರ ಕೈಗೂ?"

"ಯಾರ ಕೈಗೂ."

ಸಾಹೇಬರು ಅದನ್ನು ಸೊಕ್ಕು ಎಂದುಕೊಂಡರು. ಆದರೂ ಕೆಟ್ಟ ಮನುಷ್ಯರಲ್ಲ. ಅವಳ ಎದುರಿಗೇ ಆಸ್ಪತ್ರೆಗೆ ಫೋನ್ ಮಾಡಿದರು. ಹಾಸಿಗೆ ಖಾಲಿ ಇಲ್ಲ, ಬೆಳಿಗ್ಗೆ ಡಾಕ್ಟರು ಬಂದ ಮೇಲೆ ಕೇಳಿ ಎಂದರಂತೆ. ಫೋನ್ ಇಟ್ಟು, ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ಇದು ಕಳ್ಳರಿಗೆ ಅಂತ ಕಟ್ಟಿರೋ ಕೋಣೆ ಕಣಮ್ಮ. ಕಾಯಿಲೆಯವರನ್ನೂ ಇಲ್ಲೇ ತಂದು ತುಂಬ್ತಾರೆ. ನಾಳೆ ಸಂಜೆ ನನ್ನ ಪಾಳಿ ಮುಗಿಯುತ್ತೆ. ಅಲ್ಲೀವರೆಗೂ ಬರೆಯದೆ ಇರ್ತೀನಿ. ಅಷ್ಟರೊಳಗೆ ಆಸ್ಪತ್ರೆಯವರು ತಗೋತಾರಾ ಕೇಳ್ಕೊಂಡು ಬಾ. ತಗೊಂಡ್ರೆ ಸರಿ. ಇಲ್ಲಾಂದ್ರೆ ಬರೀತೀನಿ."

ಆ ಕೋಣೆ ಠಾಣೆಯ ಒಳ ಮೊಗಸಾಲೆಯ ಕೊನೆಗಿತ್ತು. ಗೋಡೆಗೆ ಆಳೆತ್ತರಕ್ಕೆ ಎಣ್ಣೆ ಬಣ್ಣ, ಮೇಲೆ ಸುಣ್ಣ. ಮೂಲೆಯಲ್ಲಿ ಅಡ್ಡಗೋಡೆಯ ಹಿಂದೆ ಕಕ್ಕಸು. ಒಳಗೆ ಆಗಲೇ ಒಬ್ಬ ಜೇಬುಗಳ್ಳ ಇದ್ದ, ಕಂಬಳಿ ಹೊದ್ದು ಸಂಸಾರಸ್ಥನ ಹಾಗೆ ಕೂತಿದ್ದ. ತಮ್ಮನ ಕೊರಳಲ್ಲಿ ಯಾವಾಗಲೂ ನೇತಾಡುವ ಅಳತೆಪಟ್ಟಿ ಇರಲಿಲ್ಲ, ನೇಣು ಹಾಕಿಕೊಂಡಾನೆಂದು ಕಿತ್ತುಕೊಂಡಿದ್ದರು. ಬೆಲ್ಟೂ ಇರಲಿಲ್ಲ. ಅಂಗಿಯನ್ನು ಅವನೇ ಕಿತ್ತುಹಾಕಿಕೊಂಡಿದ್ದ. ಮಣಿಕಟ್ಟು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಗೋಡೆಗೆ ಬೆನ್ನು ಹಚ್ಚಿ, ಬರುವವರ ಕತ್ತನ್ನೇ ನೋಡುತ್ತ ನಿಂತಿದ್ದ.

ಜೇಬುಗಳ್ಳ ಅಕ್ಕನನ್ನು ಕಂಡು, "ಬಾಮ್ಮ. ಆಗಿಂದ ಕೂತ್ಕೋ ಅಂತಿದೀನಿ, ಕೂರ್ತಿಲ್ಲ ನಿಮ್ಮ ಮಾಸ್ಟರು. ನೀವು ಜೇಬು ಹೊಲೀತೀರಿ, ನಾನು ಖಾಲಿ ಮಾಡ್ತೀನಿ, ನಾವಿಬ್ರೂ ಒಂದೇ ಕಸುಬಿನೋರು ಅಂದೆ. ನಗಲೂ ಇಲ್ಲ" ಎಂದ.

ತಮ್ಮ ಕಂಬಿಯ ಹತ್ತಿರ ಬಂದ. ಅವಳನ್ನು ಮೇಲಿಂದ ಕೆಳಗೆ ನೋಡಿದ. ಅವನ ಕಣ್ಣು ತುಂಬಿ ಬಂತು.

"ಅಕ್ಕಾ, ನಿನ್ನೂ ಹಿಡ್ಕೊಂಡು ಬಂದ್ರಾ?"

ಅಕ್ಕ ಕಂಬಿ ಹಿಡಿದಳು. ಇಲ್ಲ ಎಂದರೆ, ಮತ್ತೆ ಹೇಗೆ ಬಂದೆ, ಯಾರು ಹೇಳಿದರು, ಇವರು ನಮ್ಮ ಅಂಗಡಿಗೆ ಯಾಕೆ ಬಂದರು ಎಂದು ಒಂದರ ಹಿಂದೆ ಒಂದು ಬರುತ್ತದೆ.

"ಹೂಂ ಕಣೋ" ಎಂದಳು.

"ಎಲ್ಲಿ ಹಾಕಿದಾರೆ?"

"ಆ ಕಡೆ ಕೋಣೆಯಲ್ಲಿ."

"ಕಿಟಕಿ ಇದೆಯಾ?"

"ಇದೆ, ದೊಡ್ಡದು."

"ಹಾಗಾದ್ರೆ ಪರವಾಗಿಲ್ಲ." ಅವನು ಉಸಿರು ಬಿಟ್ಟ. ಎಷ್ಟೋ ದಿನದಿಂದ ಒಳಗೇ ಹಿಡಿದಿಟ್ಟ ಉಸಿರು ಅದು. "ಹೆದರ್ಬೇಡ. ನಾನಿದೀನಿ" ಎಂದ.

ಜೇಬುಗಳ್ಳ ಅಕ್ಕನ ಮುಖ ನೋಡಿ ಕಂಬಳಿ ಎಳೆದುಕೊಂಡ.

ಆ ಸುಳ್ಳು ಎಂಥ ಕೆಲಸ ಮಾಡಿತೆಂದರೆ, ತಮ್ಮ ಮೊದಲು ಕೂತ. ಊಟ ತಂದಾಗ, "ನಮ್ಮಕ್ಕನಿಗೆ ಕೊಟ್ರಾ?" ಎಂದು ಕೇಳಿದ. ತಂದ ಪೊಲೀಸಿನವನು ಅಕ್ಕನ ಕಡೆ ನೋಡಿ, "ಕೊಡ್ತೀವಿ, ಕೊಡ್ತೀವಿ, ಕೈದಿಗಳಿಗೆಲ್ಲ ಊಟ ಉಂಟು" ಎಂದು ಇನ್ನೊಂದು ಪೊಟ್ಟಣ ತಂದು ಅವಳ ಕೈಗಿಟ್ಟ. ಕಂಬಿಯ ಆಚೆ ಅವನು, ಈಚೆ ಇವಳು ಕೂತು ತಿಂದರು. ಮಧ್ಯದಲ್ಲಿ ಅವನು ಕೇಳಿದ: "ನಿನ್ನ ಮೇಲೆ ಏನಂತೆ ಕೇಸು?"

"ಗೊತ್ತಿಲ್ಲಪ್ಪ. ಕಾಜಾ ಸಣ್ಣ ಹಾಕಿದೀನಂತೆ."

ಅವನು ನಕ್ಕ! ತುತ್ತು ಬಾಯಲ್ಲಿಟ್ಟುಕೊಂಡು, ಹಲ್ಲು ಕಾಣುವ ಹಾಗೆ. ಅಕ್ಕನೂ ನಕ್ಕಳು. ನಗುತ್ತಲೇ ತನ್ನ ಪೊಟ್ಟಣ ಮಡಚಿ ಪಕ್ಕಕ್ಕಿಟ್ಟಳು.

*

ಬೆಳಿಗ್ಗೆ ಎದ್ದವಳೇ ಆಸ್ಪತ್ರೆಗೆ ಹೋದಳು. ರಾತ್ರಿ ಸುದ್ದಿ ತಿಳಿದ ಗಡಿಯಾರದ ಮಾಮ ಜೊತೆಗೆ ಬರುತ್ತೇನೆ ಎಂದಿದ್ದ, ಬಂದದ್ದು ಅವಳು ಸಾಲಿನಲ್ಲಿ ನಿಂತು ಕಾಲು ಸೋತ ಮೇಲೆ. "ನಾನು ಹೊರಟೆ ಅಂದ್ರೆ ಹೊರಟೆ ಕಣಮ್ಮ, ಬಸ್ಸೇ ನಿಧಾನ" ಎಂದ. ಅವಳಿಗೆ ಬೈಯಲೂ ಶಕ್ತಿ ಇರಲಿಲ್ಲ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಎದುರಿಗೆ ಕೂತವರು ಮಾತಾಡುವಾಗ ಪೆನ್ನು ಕೆಳಗಿಡುವಂಥವರು. ಎಲ್ಲ ಕೇಳಿಸಿಕೊಂಡರು.

"ಹಾಸಿಗೆ ನಿಜವಾಗಿಯೂ ಇಲ್ಲಮ್ಮ."

"ಅಲ್ಲೂ ಹಾಸಿಗೆ ಇಲ್ಲ ಡಾಕ್ಟ್ರೇ. ನೆಲಾನೇ."

ಡಾಕ್ಟರಮ್ಮ ಬಾಗಿಲಿನಾಚೆ ನೋಡಿದರು. ಆಮೇಲೆ, "ಮೊಗಸಾಲೆಯಲ್ಲಿ ಚಾಪೆ ಹಾಸಿ ಮಲಗಿಸ್ಕೋತೀನಿ. ಇವತ್ತೇ ಕರ್ಕೊಂಡು ಬನ್ನಿ. ಆದ್ರೆ ಒಂದು ಮಾತು. ಕೇಸು ಆಗಿದ್ರೆ ಬರೋ ಹಾಗಿಲ್ಲ. ಕೇಸಾದವರಿಗೆ ಕಾವಲು ಬೇಕು, ಕಾವಲಿನ ವಾರ್ಡು ತುಂಬಿದೆ. ಅದು ನನ್ನ ಕೈಲಿಲ್ಲ" ಎಂದರು.

ಹೊರಗೆ ಬಂದ ಮೇಲೆ ಮಾಮ ಕೇಳಿದ: "ಈಗೇನು ಮಾಡ್ತೀಯ?"

"ಆ ಗಿಡ್ಡ ಪೊಲೀಸನ್ನ ಹುಡುಕ್ಬೇಕು ಮಾಮ. ಕೈ ಅವನದು. ಅವನು ಹೇಗಾಯ್ತು ಅಂತಾನೋ ಹಾಗೇ ಬರೀತಾರೆ."

ಅವನು ಠಾಣೆಯ ಹಿಂದಿನ ಮೆಟ್ಟಿಲ ಮೇಲೆ, ಕೈಗೆ ಬಿಳಿ ಬಟ್ಟೆ ಸುತ್ತಿಕೊಂಡು, ಎಡಗೈಯಲ್ಲಿ ಬೀಡಿ ಸೇದುತ್ತ ಕೂತಿದ್ದ. ಅಕ್ಕನನ್ನು ಕಂಡು ಮುಖ ತಿರುಗಿಸಿದ. ಅವಳು ಎರಡು ಮೆಟ್ಟಿಲು ಕೆಳಗೆ ಕೂತಳು. ಕೈ ಮುಗಿಯಲಿಲ್ಲ, ಕಾಲು ಹಿಡಿಯಲಿಲ್ಲ. ಕತ್ತರಿ ಕೈಗೆ ಯಾಕೆ ಕೊಡುವುದಿಲ್ಲ ಅನ್ನುವುದನ್ನು ಮೊದಲಿಂದ ಹೇಳಿದಳು. ಹೇಳುವಾಗ ನಡುವೆ ಅಪ್ಪನ ಗದರಿಕೆಯೂ ಬಂತು, ಚಿಕ್ಕಂದಿನಲ್ಲಿ ತಾನೇ ಒಮ್ಮೆ ಕೈಗೆ ಕೊಡಲು ಹೋಗಿ ಬೆರಳಿನ ಗಂಟಿಗೆ ಹೊಡೆತ ತಿಂದದ್ದೂ ಬಂತು. ಅವನು ಬೀಡಿ ಮುಗಿಸಿ ಮೆಟ್ಟಿಲಿಗೆ ಉಜ್ಜಿ ಆರಿಸಿದ.

"ನನ್ನ ಕಡೆ ನೋಡ್ತಿರ್ಲಿಲ್ಲ ಅವನು" ಎಂದ ಕೊನೆಗೆ. "ಮೈಮೇಲೆ ಬರೋರು ಮುಖ ನೋಡ್ತಾರೆ. ಇವನು ನನ್ನ ಹಿಂದೆ ಏನೋ ನೋಡ್ತಿದ್ದ. ಆವಾಗ್ಲೇ ಅನ್ನಿಸ್ತು, ಏನೋ ಸರಿಯಿಲ್ಲ ಅಂತ. ಅಷ್ಟೊತ್ತಿಗೆ ಹಿಂದಿನವನು ಹೊಡೆದಾಗಿತ್ತು."

"ಹಲಗೆ ನೋಡ್ತಿದ್ದ."

"ನಾನೇನು ಕನಸು ಕಂಡಿದ್ನಾ ಹಲಗೆ ಅಂತ?" ಅವನ ದನಿ ಏರಿತು. "ಹನ್ನೆರಡಿಂಚು, ಈಗ ತಾನೇ ಸಾಣೆ ಹಿಡಿದದ್ದು ಅಂತ ಹೇಳಿ ಕಳಿಸಿದ್ರು ನಮ್ಮನ್ನ. ಮನೇಲಿ ನಂಗೂ ಹೆಂಡತಿ ಮಕ್ಕಳಿದಾರೆ. ಯಾವ ಪುಣ್ಯಾತ್ಗಿತ್ತಿ ಹಾಗೆ ಹೇಳಿದ್ಲೋ!"

"ನಾನೇ" ಎಂದಳು ಅಕ್ಕ.

ಅವನು ತಿರುಗಿ ನೋಡಿದ. ಆಮೇಲೆ ಎದ್ದು, ಪ್ಯಾಂಟಿನ ಧೂಳು ಒಂದೇ ಕೈಯಲ್ಲಿ ಕೊಡವಿ ಒಳಗೆ ಹೋದ. ಒಳಗೆ ಸಾಹೇಬರ ದನಿ ಗಟ್ಟಿಯಾಯಿತು, ಇವನದೂ ಆಯಿತು. ಬಿಸಿಲು ಮೆಟ್ಟಿಲಿಂದ ಇಳಿದು ಅಂಗಳಕ್ಕೆ ಹೋಗಿತ್ತು. ಮಾಮ ತನ್ನ ಕೈಗಡಿಯಾರಕ್ಕೆ ಕೀಲಿ ಕೊಡುತ್ತಲೇ ಇದ್ದ. ಪಾಳಿ ಬದಲಾಗುವ ಹೊತ್ತು ಹತ್ತಿರ ಬರುತ್ತಿತ್ತು.

ಗಿಡ್ಡ ಹೊರಗೆ ಬಂದು ಯಾರನ್ನೂ ನೋಡದೆ ಹೇಳಿದ: "ವ್ಯಾನಿನ ಬಾಗಿಲಿಗೆ ಸಿಕ್ಕಿ ಕೈ ಕುಯ್ತು. ಹಳೇ ವ್ಯಾನು, ಬಾಗಿಲಿನ ತಗಡು ಎದ್ದಿದೆ. ನಡೀರಿ, ಹೊತ್ತಾಗುತ್ತೆ."

*

ವ್ಯಾನಿನಲ್ಲಿ ತಮ್ಮ ಅಕ್ಕನ ಪಕ್ಕದಲ್ಲಿ ಕೂತ. ಕೈಗೆ ಬೇಡಿ ಹಾಕಿರಲಿಲ್ಲ. ಹಿಂದಿನ ದಿನದಿಂದ ಅವನ ಮುಖ ಎಷ್ಟೋ ಇಳಿದಿತ್ತು.

"ನಮ್ಮಿಬ್ರನ್ನೂ ಬಿಟ್ರಾ?" ಎಂದು ಪಿಸುಗುಟ್ಟಿದ.

"ಬಿಟ್ರು. ಆಸ್ಪತ್ರೆಗೆ ಹೋಗಿ ಸ್ವಲ್ಪ ದಿನ ಇದ್ದು ಬರೋಣ. ನಿಂಗೆ ನಿದ್ದೆ ಬೇಕು."

"ನೀನೂ ಇರ್ತೀಯಾ?"

"ದಿನಾ ಬರ್ತೀನಿ."

ಅವನು ತಲೆಯಾಡಿಸಿದ. ಅವಳ ಭುಜಕ್ಕೆ ತಲೆ ಒರಗಿಸಿದ. ಎದುರಿನ ಬೆಂಚಿನ ಮೇಲೆ ಕೂತಿದ್ದ ಗಿಡ್ಡನಿಗೆ ಅದನ್ನು ನೋಡಿ ಏನನ್ನಿಸಿತೋ. ಒಳ್ಳೆಯ ಕೆಲಸ ಮಾಡಿದವನಿಗೆ ಇನ್ನಷ್ಟು ಒಳ್ಳೆಯ ಮಾತಾಡಬೇಕು ಅನ್ನಿಸುವುದುಂಟು.

"ಪುಣ್ಯ ಮಾಡಿದೀಯ ಮಾಸ್ಟರೇ ನೀನು" ಎಂದ. "ಇಂಥ ಅಕ್ಕ ಯಾರಿಗೆ ಸಿಕ್ತಾರೆ? ಧೈರ್ಯ ಮಾಡಿ ನಮಗೆ ಫೋನ್ ಮಾಡಿದ್ರಲ್ಲ, ಅದಕ್ಕೇ ನೀನು ಬದುಕಿದೆ. ಬೇರೆಯವರಾಗಿದ್ರೆ ಬಾಗಿಲು ಹಾಕ್ಕೊಂಡು ಕೂತಿರ್ತಿದ್ರು."

ಅಕ್ಕನ ಭುಜದ ಮೇಲಿನ ಭಾರ ಹಗುರವಾಯಿತು. ತಮ್ಮ ತಲೆ ಎತ್ತಿದ. ಅವಳ ಕಡೆ ತಿರುಗಿದ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ. ಗುರುತು ಸಿಗದವರನ್ನು ನೋಡುವ ಹಾಗೆ ನೋಡಿದ.

"ಫೋನ್ ಮಾಡಿದ್ದು ನೀನಾ?"

ಅವಳು ಅವನ ಕೈ ಹಿಡಿಯಲು ಹೋದಳು.

"ಹಾಗಾದ್ರೆ ಆ ಕೋಣೆ, ಕಿಟಕಿ?"

ಅವನು ಎದ್ದು, ಅಲುಗುವ ವ್ಯಾನಿನಲ್ಲಿ ಕಂಬಿ ಹಿಡಿದುಕೊಂಡು ಹೋಗಿ, ಗಿಡ್ಡನ ಪಕ್ಕದಲ್ಲಿ ಕೂತ. ಆಸ್ಪತ್ರೆ ಬರುವ ತನಕ ಅಲ್ಲೇ ಕೂತಿದ್ದ.

*

ಡಾಕ್ಟರಮ್ಮ ಹೇಳಿದ ಹಾಗೆ ಮಾಡಿದರು. ಮೊದಲು ಮೊಗಸಾಲೆಯಲ್ಲಿ ಚಾಪೆ, ಆಮೇಲೆ ಒಂದು ಮಂಚ. ಬೆರಳು ನಡುಗದಂಥ ಬೇರೆ ಮಾತ್ರೆ ಹುಡುಕಿ ಕೊಟ್ಟರು. ಅಕ್ಕ ದಿನಾ ಹೋಗುತ್ತಿದ್ದಳು. ತಂದದ್ದನ್ನು ಅವನು ತಿನ್ನುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ತಾನಾಗಿ ಏನನ್ನೂ ಕೇಳುತ್ತಿರಲಿಲ್ಲ. ಅವನು ಮನೆಗೆ ಬರುವ ಹೊತ್ತಿಗೆ ಮಳೆ ಹಿಡಿದಿತ್ತು. ಮಕ್ಕಳು ಬೇರೆ ಯಾರೋ ಹೊಲಿದ ಅಂಗಿ ಹಾಕಿಕೊಂಡು ಶಾಲೆಗೆ ಹೋಗಿ, ಆ ಅಂಗಿಗಳೂ ಮಾಸಿದ್ದವು.

ಬಂದ ಮರುದಿನವೇ ಅವನು ಹಲಗೆಯನ್ನು ತಿರುಗಿಸಿ ಹಾಕಿದ. ಮೊದಲು ಬೀದಿಗೆ ಮುಖ ಮಾಡಿ ಕತ್ತರಿಸುತ್ತಿದ್ದ, ಅಕ್ಕ ಹಿಂದೆ ಕೂತಿರುತ್ತಿದ್ದಳು. ಈಗ ಅಕ್ಕ ಕಣ್ಣೆದುರಿಗಿರುವ ಹಾಗೆ ಗೋಡೆಗೆ ಬೆನ್ನು ಕೊಟ್ಟು ನಿಂತ. "ಬೆಳಕು ಇಲ್ಲಿ ಚೆನ್ನಾಗಿ ಬೀಳುತ್ತೆ" ಎಂದ. ಬೆಳಕು ಅಲ್ಲಿ ಬೀಳುತ್ತಿರಲಿಲ್ಲ.

ಮಾತ್ರೆ ಸರಿಯಾಗಿ ತಿನ್ನುತ್ತಿದ್ದ. ನಿದ್ದೆಯೂ ಬರುತ್ತಿತ್ತು. ಆದರೆ ಅಕ್ಕ ಸೂಜಿಗೆ ದಾರ ಪೋಣಿಸಲು ಬೆಳಕಿನ ಕಡೆ ತಿರುಗಿದರೆ ಅವನ ಕತ್ತರಿ ನಿಲ್ಲುತ್ತಿತ್ತು. ಅವಳು ಎದ್ದರೆ ಅವನ ಕಣ್ಣು ಏಳುತ್ತಿತ್ತು. ಒಂದು ದಿನ ಯಾವುದೋ ಗಿರಾಕಿಯ ತೋಳಿನ ಅಳತೆ ಕೇಳಬೇಕೆಂದು ಅವಳು ಮೈಮರೆತು ಫೋನ್ ಎತ್ತಿದಳು. ತಲೆ ಎತ್ತಿ ನೋಡಿದರೆ ತಮ್ಮ ಕತ್ತರಿಯನ್ನು ಹಲಗೆಯ ಮೇಲಿಟ್ಟು, ಗೋಡೆಗೆ ಅಂಟಿ ನಿಂತು, ಎರಡೂ ಕೈ ಮೇಲೆತ್ತಿದ್ದ. ಕೈ ಎತ್ತಿದ್ದು ಅವನಿಗೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಾಚಿಕೊಂಡು ಇಳಿಸಿದ.

ಅಂದಿನಿಂದ ಅವಳು ಫೋನ್ ಮಾಡುವುದಿದ್ದರೆ ಮಾಮನ ಅಂಗಡಿಗೆ ಹೋಗಿ ಮಾಡುತ್ತಿದ್ದಳು. ಅದು ಇನ್ನೂ ಕೆಟ್ಟದ್ದಾಯಿತು.

"ಯಾರಿಗೆ ಮಾಡಿದ್ದೆ?"

"ಗುಂಡಿ ಅಂಗಡಿಯವರಿಗೆ ಕಣೋ."

ತಮ್ಮ ಹೂಂ ಎಂದ. ಸಂಜೆ ಮಾಮನ ಹತ್ತಿರ ಹೋಗಿ, ಅಕ್ಕ ಯಾರ ಜೊತೆ ಮಾತಾಡಿದಳು, ಏನು ಮಾತಾಡಿದಳು ಎಂದು ಕೇಳಿಕೊಂಡು ಬಂದ. ಮಾಮ ಅದನ್ನು ಅಕ್ಕನಿಗೆ ಹೇಳಿದ. ಹೇಳಬಾರದಿತ್ತು ಎಂದು ಆಮೇಲೆ ಒದ್ದಾಡಿದ.

ಆ ವಾರವೇ ಒಂದು ಬೆಳಿಗ್ಗೆ ತಮ್ಮ ಕಾಲರಿಗೆ ಚಾಕ್ ಗೆರೆ ಹಾಕುತ್ತ, ತಲೆ ಎತ್ತದೆ ಕೇಳಿದ: "ಅಕ್ಕ, ನಂಗೆ ಮತ್ತೆ ಹಾಗಾದ್ರೆ ಅವರಿಗೇ ಫೋನ್ ಮಾಡ್ತೀಯಾ?"

"ಯಾಕೆ ಆಗುತ್ತೆ? ಮಾತ್ರೆ ತಿಂತಿದೀಯಲ್ಲ."

"ಆದ್ರೆ?"

"ಡಾಕ್ಟರಮ್ಮನಿಗೆ ಮಾಡ್ತೀನಿ."

"ಅವರು ಸಿಗದಿದ್ರೆ? ನನ್ನ ಕೈಯಲ್ಲಿ ಇದಿದ್ರೆ? ಯಾರೋ ಮಗು ಅಂಗಡಿಗೆ ಬಂದಿದ್ರೆ?"

ಅಕ್ಕ ಗುಂಡಿಗೆ ಸೂಜಿ ಚುಚ್ಚಿದಳು, ಎಳೆದಳು, ಮತ್ತೆ ಚುಚ್ಚಿದಳು. ಇಲ್ಲ, ಮಾಡುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಅವನು ಅಂದೇ ಹಲಗೆಯನ್ನು ಮೊದಲಿನ ಹಾಗೆ ತಿರುಗಿಸುತ್ತಿದ್ದನೇನೋ. ಆದರೆ ಠಾಣೆಯ ಕಂಬಿಯ ಮುಂದೆ ಒಮ್ಮೆ ಹೇಳಿದ ಸುಳ್ಳು ಅವಳ ನಾಲಿಗೆಯ ಮೇಲೆ ಇನ್ನೂ ಸುಡುತ್ತಿತ್ತು.

"ಸುಳ್ಳು ಹೇಳ್ಬೇಡ ಅಕ್ಕ" ಎಂದ ತಮ್ಮ, ಮೆಲ್ಲಗೆ.

"ಮಾಡ್ತೀನಿ" ಎಂದಳು ಅಕ್ಕ. "ಮಗು ಇದ್ರೆ ಮಾಡ್ತೀನಿ ಕಣೋ."

ಅವನು ತಲೆಯಾಡಿಸಿದ. ನ್ಯಾಯವಾದ ಮಾತು ಎಂದು ಅವನಿಗೂ ಗೊತ್ತಿತ್ತು. ಆದರೆ ಆ ದಿನ ಕೊಯ್ದ ಕಾಲರುಗಳು ಒಂದೂ ಕೂಡಲಿಲ್ಲ. ಒಂದು ತುದಿ ಉದ್ದ, ಒಂದು ತುದಿ ಗಿಡ್ಡ. ಮರುದಿನ ಅವಳು ಬಟ್ಟೆ ತರಲು ಪೇಟೆಗೆ ಹೋಗಿ ಬಂದಾಗ, ಹಲಗೆಯ ಮೇಲೆ ಕೊಯ್ದಿಟ್ಟ ರಾಶಿ ನೋಡಿದಳು. ಒಂದರ ಮೇಲೊಂದು ಇಟ್ಟರೆ ಅಂಚಿಗೆ ಅಂಚು ಕೂಡುತ್ತಿದ್ದವು. ಅವಳಿಲ್ಲದಾಗ ಕೊಯ್ದವು.

ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಇನ್ನೂ ಒಂದೆರಡು ಸಲ, ಏನೋ ನೆಪ ಮಾಡಿಕೊಂಡು ಹೊರಗೆ ಹೋಗಿ ಬಂದು ನೋಡಿದಳು. ಪ್ರತಿ ಸಲವೂ ಹಾಗೆಯೇ. ಆಮೇಲೆ ಮಾಮನ ಅಂಗಡಿಗೆ ಹೋಗಿ, ಮದುವೆಯಾಗಿ ಬೇರೆ ಊರಿನಲ್ಲಿರುವ ತಂಗಿಗೆ ಫೋನ್ ಮಾಡಿದಳು. ತಂಗಿಯ ಮನೆಯಲ್ಲಿ ಕೂಸು ಆಡಿಸಲು ಒಂದು ಜೀವ ಬೇಕಾಗಿತ್ತು. "ಬಾರಕ್ಕ, ಎಷ್ಟು ವರ್ಷದಿಂದ ಕರೀತಿದೀನಿ" ಎಂದಳು ಅವಳು.

ಮಾಮ ಎಲ್ಲ ಕೇಳಿಸಿಕೊಂಡ. ಕಣ್ಣಿಗೆ ಸಿಕ್ಕಿಸಿಕೊಂಡ ಮಸೂರವನ್ನು ತೆಗೆದಿಟ್ಟ.

"ನೀನು ಹೋದ್ರೆ ಅವನನ್ನ ನೋಡ್ಕೊಳ್ಳೋರು ಯಾರಮ್ಮ?"

"ನಾನು ನೋಡ್ತಾ ಕೂತಿರೋದೇ ಅವನಿಗೆ ಆಗ್ತಿಲ್ಲ ಮಾಮ. ನೀವು ಪಕ್ಕದಲ್ಲಿ ಇದೀರಲ್ಲ. ಮಾತು ಹೆಚ್ಚಾದ್ರೆ, ನಿದ್ದೆ ಬಿಟ್ರೆ ಡಾಕ್ಟರಮ್ಮನಿಗೆ ಹೇಳಿ. ಅವರು ಸಿಗದಿದ್ರೆ ನಂಗೆ."

"ನೀನು ಬರೋಷ್ಟರಲ್ಲಿ ಕೈ ಮೀರಿದ್ರೆ?"

ಅಕ್ಕ ಎದುರಿನ ಗೋಡೆಯ ಗಡಿಯಾರಗಳನ್ನು ನೋಡಿದಳು. ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿತ್ತು. ಎದ್ದು ಬಂದಳು.

ತಮ್ಮನಿಗೆ ಹೇಳಿದಾಗ ಅವನು ಮಾಡುತ್ತಿದ್ದ ಕೆಲಸ ನಿಲ್ಲಿಸಿದ. "ಎಷ್ಟು ದಿನ?" ಎಂದ.

"ಕೂಸು ನಡೆಯೋ ತನಕ."

"ಕಾಜಾ ಯಾರು ಹಾಕ್ತಾರೆ?"

"ಕಾಜಾ ಮಿಷನ್ನಿನವರ ಹತ್ರ ಕಳಿಸು. ಎಲ್ಲರೂ ಈಗ ಅಲ್ಲೇ ಹಾಕಿಸೋದು."

ಅವನ ಮುಖದಲ್ಲಿ ನೋವೂ ಇತ್ತು, ನಿರಾಳವೂ ಇತ್ತು. ನಿರಾಳವನ್ನು ಮುಚ್ಚಿಡಲು ನೋಡಿದ. ಅವನಿಗೆ ಮುಚ್ಚಿಡುವುದು ಯಾವತ್ತೂ ಬರುತ್ತಿರಲಿಲ್ಲ.

ಹೊರಡುವ ದಿನ ಅವಳ ಚೀಲವನ್ನು ಅವನೇ ಎತ್ತಿಕೊಂಡ. ಬಸ್ ನಿಲ್ದಾಣದ ತನಕ ಇಬ್ಬರೂ ನಡೆದೇ ಹೋದರು. ಗಾಡಿಗಳು ಓಡಾಡುವ ಕಡೆಗೆ ಅವನು, ಒಳಗಡೆ ಅವಳು. ಬಸ್ಸಿನ ಕಿಟಕಿಯ ಹತ್ತಿರ ಜಾಗ ಹಿಡಿದು, ಚೀಲ ಇಟ್ಟು, ನೀರಿನ ಬಾಟಲಿ ತಂದುಕೊಟ್ಟ. "ಹುಷಾರು ಅಕ್ಕ" ಎಂದ. ಹೋಗಬೇಡ ಎಂದು ಹೇಳಬಹುದಿತ್ತು. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಸ್ಸು ತಿರುಗುವ ತನಕ ಅದೊಂದು ಮಾತಿಗೆ ಕಾದಳು. ಅವನು ಕೈ ಬೀಸಿದ.

ಅಕ್ಕ ಬಸ್ಸು ಹತ್ತಿದ್ದು ಆ ವರ್ಷ ಮಳೆ ಕಡಿಮೆಯಾಗಿ ಬಿಸಿಲು ಮತ್ತೆ ಕಾಣಿಸಿಕೊಂಡ ಮೇಲೆ, ಒಂದು ಗುರುವಾರ.